ಅಡಿಕೆಗೆ ಹೋದ ಆನೆ

ಕಂಪ್ಯೂಟರ್ ಜೊತೆ ಒಂದು ನಿಮಿಷದ ಚೆಸ್ ಆಡಲು ಕೂರುವ ಮುನ್ನ ಒಂದು ಸಣ್ಣ ಲೆಕ್ಕ ಹಾಕಿಕೊಳ್ಳಿ. ಅರವತ್ತು ಸೆಕೆಂಡು, ನಲವತ್ತು ನಡೆ; ನಡೆಗೆ ಒಂದೂವರೆ ಸೆಕೆಂಡು. ಎದುರಾಳಿ ಯಾವ ಕಾಯಿ ಸರಿಸಿದ ಅಂತ ಕಣ್ಣಿಗೆ ಬೀಳಲು ಕಾಲು ಸೆಕೆಂಡು ಹೋಯಿತು. ನಿಮ್ಮ ಕಾಯಿ ಹಿಡಿದು, ಎಳೆದು, ಬೇಕಾದ ಮನೆಯಲ್ಲಿ ಬಿಡಲು ಇನ್ನರ್ಧ. ಉಳಿದ ಮುಕ್ಕಾಲು ಸೆಕೆಂಡಿನಲ್ಲಿ ನೀವು ಯೋಚನೆ ಮಾಡಬೇಕು. ಅಷ್ಟೇ ಹೊತ್ತಿನಲ್ಲಿ ಆ ಕಡೆಯ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಲಕ್ಷಗಟ್ಟಲೆ ಸಾಧ್ಯತೆಗಳನ್ನು ನೋಡಿ ಮುಗಿಸಿರುತ್ತದೆ. ಅದಕ್ಕೆ ಕಾಯಿ ಎಳೆಯುವ ಕೆಲಸವೂ ಇಲ್ಲ, ಮೂಗು ತುರಿಸುವ ಕೆಲಸವೂ ಇಲ್ಲ.

1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಅದು ಗಂಟೆಗಟ್ಟಲೆ ಕೂತು ಆಡುವ ಆಟ. ಬೇಗ ಆಡುವ ಆಟದಲ್ಲಿ ಮನುಷ್ಯನ ಕೋಟೆ ಮೂರು ವರ್ಷ ಮೊದಲೇ ಬಿರುಕು ಬಿಟ್ಟಿತ್ತು. 1994ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಐದು ನಿಮಿಷದ ಪಂದ್ಯಾವಳಿಯಲ್ಲಿ ಫ್ರಿಟ್ಜ್ 3 ಎಂಬ ಪ್ರೋಗ್ರಾಂ ಅವರ ವಿರುದ್ಧ ಒಂದು ಆಟ ಗೆದ್ದಿತು. ಆಗಸ್ಟ್‌ನಲ್ಲಿ ಲಂಡನ್ನಿನ 25 ನಿಮಿಷದ ಪಂದ್ಯದಲ್ಲಿ ಚೆಸ್ ಜೀನಿಯಸ್ ಎಂಬ ಇನ್ನೊಂದು ಪ್ರೋಗ್ರಾಂ ಅವರನ್ನು ಟೂರ್ನಿಯಿಂದಲೇ ಆಚೆ ಹಾಕಿತು. ಅದರ ಕಿವಿ ಹಿಂಡಿ ಮನೆಗೆ ಕಳಿಸಿದ್ದು ಸೆಮಿಫೈನಲ್‌ನಲ್ಲಿ ನಮ್ಮ ಆನಂದ್, 2-0. ಮೂವತ್ತು ವರ್ಷವಾದರೂ ಇದನ್ನು ಹೇಳಿಕೊಳ್ಳಲು ಖುಷಿ.

ಆದರೆ ನಾವು ನೀವು ಸೋಲುವುದು ಆ ಲಕ್ಷಗಟ್ಟಲೆ ಸಾಧ್ಯತೆಗಳಿಂದ ಅಂತ ತಿಳಿದರೆ ಅದು ನಮಗೆ ನಾವೇ ಕೊಟ್ಟುಕೊಳ್ಳುವ ಮರ್ಯಾದೆ. ಸೋಲಿಸುವುದು ಹೆಬ್ಬೆರಳು.

ಫೋನಿನ ಪರದೆ ಸುಮಾರು ಏಳು ಸೆಂಟಿಮೀಟರ್ ಅಗಲ. ಅದನ್ನು ಎಂಟು ಮನೆಗೆ ಹಂಚಿದರೆ ಒಂದೊಂದು ಮನೆ ಒಂಬತ್ತು ಮಿಲಿಮೀಟರ್ ಕೂಡ ಬರುವುದಿಲ್ಲ. ಮುದ್ದೆ ಮುರಿದು ಬೆಳೆದ ಹೆಬ್ಬೆರಳು ಇದರ ದುಪ್ಪಟ್ಟು. ರಾಣಿಯನ್ನು ಎಳೆದುಕೊಂಡು ಹೋಗುವಾಗ ಹೋಗಬೇಕಾದ ಮನೆ ಬೆರಳಿನ ಅಡಿಯಲ್ಲೇ ಮುಚ್ಚಿಹೋಗಿರುತ್ತದೆ. ಒಂದು ಮನೆ ಮೊದಲೇ ಬೆರಳು ಎದ್ದರೆ ರಾಣಿ ಎದುರಾಳಿಯ ಕಾಲಾಳಿನ ಬಾಯಿಗೆ. ಇದಕ್ಕೆ ಮದ್ದು ಸೆಟ್ಟಿಂಗ್ಸ್‌ನಲ್ಲೇ ಇದೆ: ಎಳೆಯುವುದನ್ನು ಬಿಟ್ಟು, ಕಾಯಿಯನ್ನೊಮ್ಮೆ ಮುಟ್ಟಿ, ಹೋಗಬೇಕಾದ ಮನೆಯನ್ನೊಮ್ಮೆ ಮುಟ್ಟುವ ವಿಧಾನಕ್ಕೆ ಬದಲಾಯಿಸಿ. ಒಂದು ವಾರ ಕೈ ಒಗ್ಗುವುದಿಲ್ಲ, ಆಮೇಲೆ ರಾಣಿ ಬದುಕುತ್ತಾಳೆ. ಇನ್ನು ಲಿಚೆಸ್ ಎಂಬ ಚೆಸ್ ತಾಣವನ್ನು ಬ್ರೌಸರ್‌ನಲ್ಲಿ ಆಡುವವರು ಎದುರಾಳಿಯ ಗಡಿಯಾರದ ಪಕ್ಕದ ಪ್ಲಸ್ ಗುರುತಿನಿಂದ ದೂರ ಇರಿ. ಅದನ್ನು ಒತ್ತಿದರೆ ಎದುರಾಳಿಗೆ ಹದಿನೈದು ಸೆಕೆಂಡು ದಾನ. ಯಂತ್ರಕ್ಕೆ ಸಮಯ ದಾನ ಮಾಡುವುದು ತಿಮ್ಮಪ್ಪನ ಹುಂಡಿಗೆ ಸಾಲ ಕೊಟ್ಟ ಹಾಗೆ.

ಮನುಷ್ಯನ ಕೈಯಲ್ಲಿರುವ ದೊಡ್ಡ ಅಸ್ತ್ರ ಪ್ರೀಮೂವ್. ಎದುರಾಳಿ ಇನ್ನೂ ಯೋಚಿಸುತ್ತಿರುವಾಗಲೇ ನಿಮ್ಮ ಮುಂದಿನ ನಡೆಯನ್ನು ಹೇಳಿಟ್ಟರೆ, ನಿಮ್ಮ ಸರದಿ ಬಂದ ಕ್ಷಣವೇ ಅದು ಆಡಿಬಿಡುತ್ತದೆ. ಲಿಚೆಸ್‌ನಲ್ಲಿ ಇದಕ್ಕೆ ಸಮಯವೇ ಖರ್ಚಾಗದು, ಚೆಸ್ ಡಾಟ್ ಕಾಮ್‌ನಲ್ಲಿ ಸೆಕೆಂಡಿನ ಹತ್ತರಲ್ಲೊಂದು ಭಾಗ. ಯಂತ್ರಕ್ಕೆ ಈ ಸೌಲಭ್ಯ ಇಲ್ಲ. ನಿಮ್ಮ ನಡೆ ತಲುಪಿದ ಮೇಲೇ ಅದು ಉತ್ತರ ಕಳಿಸಬೇಕು.

ಅಸ್ತ್ರ ತಿರುಗಿ ಬೀಳುವುದೂ ಇಲ್ಲೇ. ನೀವು ಕಪ್ಪು ಕಾಯಿ ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. ಯಾರೇ ಏನೇ ಆಡಲಿ, ನಿಮ್ಮದು ಮಾಮೂಲಿ ಕ್ರಮ: ಮೊದಲು ಜಿ6ಕ್ಕೆ ಕಾಲಾಳು, ಆಮೇಲೆ ಜಿ7ಕ್ಕೆ ಒಂಟೆ (ಅಕ್ಷರ ಉದ್ದಸಾಲಿನ ಹೆಸರು, ಅಂಕಿ ಅಡ್ಡಸಾಲಿನದು). ಎರಡನೆಯದನ್ನು ಪ್ರೀಮೂವ್ ಮಾಡಿಟ್ಟು ಚಹಾದ ಲೋಟಕ್ಕೆ ಕೈ ಹಾಕುತ್ತೀರಿ. ಎದುರಾಳಿ ಮೊದಲ ನಡೆಯಲ್ಲಿ ಬಿ3ಕ್ಕೆ ಕಾಲಾಳು ಸರಿಸಿತ್ತು. ಎರಡನೆಯದರಲ್ಲಿ ಒಂಟೆಯನ್ನು ಬಿ2ಗೆ ತಂದು ನಿಲ್ಲಿಸುತ್ತದೆ. ಆ ಕರ್ಣ ನೇರವಾಗಿ ಜಿ7 ದಾಟಿ ಮೂಲೆಯಲ್ಲಿರುವ ನಿಮ್ಮ ಆನೆಗೆ ಹೋಗುತ್ತದೆ. ನಿಮ್ಮ ಒಂಟೆ ಮೊದಲೇ ಹೇಳಿಟ್ಟ ಹಾಗೆ ವಿಧೇಯವಾಗಿ ಹೋಗಿ ಜಿ7ರಲ್ಲಿ ಕೂರುತ್ತದೆ, ಕಾವಲಿಗೆ ಯಾರೂ ಇಲ್ಲ. ಮುಂದಿನ ನಡೆಗೆ ಒಂಟೆ ಹೋಯಿತು, ಅದರ ಮುಂದಿನದಕ್ಕೆ ಆನೆ. ಉಳಿಸಿದ್ದು ಅರ್ಧ ಸೆಕೆಂಡು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಆನೆಯೇ ಅಡಿಕೆಗೆ ಹೋಯಿತು.

ಪ್ರೀಮೂವ್‌ಗೆ ಒಂದೇ ನಿಯಮ. ಎದುರಾಳಿ ನಿಮ್ಮ ಕಾಯಿ ಹೊಡೆದರೆ ತಿರುಗಿ ಹೊಡೆಯುವುದನ್ನು ಮಾತ್ರ ಹೇಳಿಡಿ. ಅವನು ಹೊಡೆಯದೆ ಬೇರೇನೋ ಆಡಿದರೆ, ನಿಮ್ಮದೇ ಕಾಯಿ ನಿಂತಿರುವ ಮನೆಗೆ ಹೋಗುವ ನಡೆ ಅಸಾಧ್ಯವಾಗಿ ತಾನೇ ರದ್ದಾಗುತ್ತದೆ, ನಷ್ಟವಿಲ್ಲ. ಖಾಲಿ ಮನೆಗೆ ಹೇಳಿಟ್ಟದ್ದು ಮಾತ್ರ ಆಡಿಯೇ ತೀರುತ್ತದೆ.

ಯಂತ್ರ ಬೇಕೆಂದೇ ಸೋಲುವ ಬಗೆ ಇನ್ನೂ ಮಜಾ. ಲಿಚೆಸ್‌ನಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್‌ಗೆ ಎಂಟು ಮಟ್ಟಗಳಿವೆ. ಒಂದನೆಯದಕ್ಕೆ ಯೋಚಿಸಲು 50 ಮಿಲಿಸೆಕೆಂಡು, ಎಂಟನೆಯದಕ್ಕೆ ಇಡೀ ಒಂದು ಸೆಕೆಂಡು. ಕೆಳಗಿನ ಮಟ್ಟದಲ್ಲಿ ಅದು ದಡ್ಡನಾಗಿರುವುದಿಲ್ಲ, ದಡ್ಡನ ವೇಷ ಹಾಕಿರುತ್ತದೆ. ಕನಿಷ್ಠ ನಾಲ್ಕು ಒಳ್ಳೆಯ ನಡೆಗಳನ್ನು ಹುಡುಕಿ ಸಾಲಾಗಿ ಇಟ್ಟುಕೊಂಡು, ಆಮೇಲೆ ಚೀಟಿ ಎತ್ತಿದ ಹಾಗೆ ಅದರಲ್ಲೊಂದು ಕೆಟ್ಟದ್ದನ್ನು ಆರಿಸುತ್ತದೆ. ಹಾಗಾಗಿ ಆರು ನಡೆ ಗ್ರ್ಯಾಂಡ್‌ಮಾಸ್ಟರ್, ಏಳನೆಯದಕ್ಕೆ ರಾಣಿಯನ್ನು ತಟ್ಟೆಯಲ್ಲಿಟ್ಟು ಕೊಡುವುದು. ಮೊಮ್ಮಗನ ಜೊತೆ ಚೌಕಾಬಾರ ಆಡುವ ಅಜ್ಜನೇ ಇದಕ್ಕಿಂತ ಚೆನ್ನಾಗಿ ನಟಿಸುತ್ತಾನೆ.

2020ರಲ್ಲಿ ಬಂದ ಮಾಯಾ ಎಂಬ ಎಂಜಿನ್ ಇದಕ್ಕಿಂತ ವಾಸಿ. ಅದಕ್ಕೆ ಕಲಿಸಿದ್ದು ಲಿಚೆಸ್‌ನಲ್ಲಿ ಮನುಷ್ಯರೇ ಆಡಿದ ಆಟಗಳನ್ನು. ಆಟಗಾರನ ಮಟ್ಟ ಹೇಳುವ ರೇಟಿಂಗ್ 1100ರಿಂದ 1900ರವರೆಗೆ ಒಂಬತ್ತು ಅವತಾರ. ಅತ್ಯುತ್ತಮ ನಡೆ ಯಾವುದು ಅಂತ ಅದು ಹುಡುಕುವುದೇ ಇಲ್ಲ. ಈ ಮಟ್ಟದ ಮನುಷ್ಯ ಇಲ್ಲಿ ಏನು ಆಡುತ್ತಿದ್ದ ಅಂತ ಊಹಿಸಿ ಅದನ್ನೇ ಆಡುತ್ತದೆ. ಅಂದರೆ ನಮ್ಮ ತಪ್ಪುಗಳನ್ನೇ ಕಲಿತು ನಮ್ಮ ಮುಂದೆಯೇ ಮಾಡುತ್ತದೆ. ಅದರ ಕೈಲೂ ಸೋತರೆ ದೂರಲು ಯಾರೂ ಸಿಗುವುದಿಲ್ಲ.

ಯಂತ್ರ ನಿಜವಾಗಿ ಎಡವುವುದು ಗಡಿಯಾರದಲ್ಲಿ, ಅದೂ ತನ್ನ ಯಜಮಾನನ ದೆಸೆಯಿಂದ. ಮನೆಯ ಕಂಪ್ಯೂಟರಿನಲ್ಲಿ ಬಾಟ್, ಅಂದರೆ ತಾನೇ ಆಡುವ ಖಾತೆ, ಕಟ್ಟಿ ಅಂತರ್ಜಾಲಕ್ಕೆ ಬಿಡುವವರಲ್ಲಿ ಕೆಲವರು ಸ್ಟಾಕ್‌ಫಿಶ್‌ನ ‘ಮೂವ್ ಓವರ್‌ಹೆಡ್’ ಅನ್ನುವ ಸೆಟ್ಟಿಂಗ್ ಮುಟ್ಟುವುದೇ ಇಲ್ಲ. ದಾರಿಖರ್ಚಿಗೆ ಎಷ್ಟು ಸಮಯ ತೆಗೆದಿಡಬೇಕು ಅಂತ ಎಂಜಿನ್‌ಗೆ ಹೇಳುವುದು ಅದು. ಮೊದಲಿಗೆ ಇರುವುದು ಹತ್ತು ಮಿಲಿಸೆಕೆಂಡು. ಎರಡು ಎಂಜಿನ್‌ಗಳು ಒಂದೇ ಪೆಟ್ಟಿಗೆಯೊಳಗೆ ಕೂತು ಆಡಿದರೆ ಸಾಕು. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ಹೋಗಿ ಬರಲು ನೂರೈವತ್ತು ಮಿಲಿಸೆಕೆಂಡು ಅಂತಿಟ್ಟುಕೊಂಡರೂ, ಅರವತ್ತು ನಡೆಗೆ ಒಂಬತ್ತು ಸೆಕೆಂಡು ದಾರಿಯಲ್ಲೇ ಸೋರಿ ಹೋಯಿತು. ಕೊನೆಯ ಅರ್ಧ ಸೆಕೆಂಡಿನಲ್ಲಿ ಎಂಜಿನ್ ‘ಇನ್ನೂ ಸಮಯ ಇದೆ’ ಅಂತ ನೆಮ್ಮದಿಯಾಗಿ ಯೋಚಿಸುತ್ತಿರುತ್ತದೆ, ಅಲ್ಲಿ ಫ್ಲ್ಯಾಗ್ ಬಿದ್ದಿರುತ್ತದೆ, ಅಂದರೆ ಸಮಯ ಮುಗಿದು ಆಟ ಸೋತಿರುತ್ತದೆ. ಎರಡು ಆನೆ ಹೆಚ್ಚಿಟ್ಟುಕೊಂಡು ಸೋತ ಬಾಟ್ ನೋಡಿದರೆ ಅಯ್ಯೋ ಅನಿಸಬೇಕು. ಅನಿಸುವುದಿಲ್ಲ.

ಆದ್ದರಿಂದ ಒಂದು ನಿಮಿಷದ ಆಟದಲ್ಲಿ ಬಾಟ್ ಎದುರು ಗೆಲ್ಲುವ ಮಾರ್ಗ, ಗೌರವಸ್ಥರು ಕೇಳಬಾರದಂಥದ್ದು: ಕಾಲಾಳುಗಳನ್ನು ಒಂದಕ್ಕೊಂದು ತಡೆಯೊಡ್ಡಿ ನಿಲ್ಲಿಸಿ, ಬಾಗಿಲೆಲ್ಲ ಮುಚ್ಚಿ, ಒಳಗಡೆ ರಾಜನನ್ನು ಆಚೆ ಈಚೆ ಓಡಾಡಿಸುತ್ತ ಕಾಯುವುದು. 2008ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಾಕಾಮುರಾ ಮೂರು ನಿಮಿಷದ ಆಟದಲ್ಲಿ ರಿಬ್ಕಾ ಎಂಬ ಆಗಿನ ಘಟಾನುಘಟಿ ಎಂಜಿನ್ನಿಗೆ ಮಾಡಿದ್ದು ಇದನ್ನೇ. ಕಾಲಾಳು ಸರಿಸದೆ, ಕಾಯಿ ಹೊಡೆಯದೆ ಐವತ್ತು ನಡೆ ಕಳೆದರೆ ಡ್ರಾ. ತಾನು ಮುಂದಿದ್ದೇನೆ ಅಂತ ನಂಬಿದ್ದ ರಿಬ್ಕಾಗೆ ಡ್ರಾ ಅಂದರೆ ಅವಮಾನ. ಅದನ್ನು ತಪ್ಪಿಸಲು ತಾನೇ ಕೋಟೆ ಒಡೆದುಕೊಂಡು 271 ನಡೆಗೆ ಸೋತಿತು. ನಾಕಾಮುರಾ ಕೊನೆಯಲ್ಲಿ ಕಾಲಾಳುಗಳಿಗೆ ರಾಣಿ ಪಟ್ಟ ಕೊಡದೆ ಒಂಟೆಗಳನ್ನಾಗಿ ಮಾಡಿದರು, ಬರೀ ಹೊಟ್ಟೆ ಉರಿಸಲು. ಈ ಉಪಾಯ ಈಗ ಅಷ್ಟಾಗಿ ನಡೆಯದು. 2020ರ ಸ್ಟಾಕ್‌ಫಿಶ್ 12ರಿಂದ ನರಜಾಲ (ನ್ಯೂರಲ್ ನೆಟ್‌ವರ್ಕ್) ಸೇರಿದ ಮೇಲೆ ಮುಚ್ಚಿದ ಬಾಗಿಲೂ ಅದಕ್ಕೆ ಅರ್ಥವಾಗುತ್ತದೆ.

ಗೆಲ್ಲಲಾಗದವರು ಪಕ್ಕದ ಕಿಟಕಿಯಲ್ಲಿ ಎಂಜಿನ್ ತೆರೆದಿಟ್ಟು ಮನುಷ್ಯರ ಮೇಲೆ ಪ್ರಯೋಗಿಸುತ್ತಾರೆ. 2021ರ ಜೂನ್‌ನಲ್ಲಿ ದೇಣಿಗೆ ಸಂಗ್ರಹದ ಆಟದಲ್ಲಿ ಆನಂದ್ ಎದುರು ಗೆದ್ದ ಬೆಂಗಳೂರಿನ ಉದ್ಯಮಿಯೊಬ್ಬರು ಮರುದಿನ ಕಂಪ್ಯೂಟರ್ ಸಹಾಯ ಪಡೆದದ್ದನ್ನು ಒಪ್ಪಿಕೊಂಡರು. ಅದು ಮೂವತ್ತು ನಿಮಿಷದ ಆಟ. ಒಂದು ನಿಮಿಷದ್ದರಲ್ಲಿ ಹೀಗೆ ಕೈಯಾರೆ ನಕಲು ಹೊಡೆಯುವುದು ಬಲು ಕಷ್ಟ. ಎದುರಾಳಿಯ ನಡೆಯನ್ನು ಅಲ್ಲಿ ಹಾಕಿ, ಉತ್ತರ ಓದಿ, ಇಲ್ಲಿ ಆಡಲು ಮೂರು ಸೆಕೆಂಡು; ಇಪ್ಪತ್ತನೇ ನಡೆಗೆ ಗಡಿಯಾರ ಖಾಲಿ. ಸಿಕ್ಕಿಬೀಳುವುದೂ ಆ ಮೂರು ಸೆಕೆಂಡಿನಿಂದಲೇ. ಕಣ್ಣುಮುಚ್ಚಿ ತಿರುಗಿ ಹೊಡೆಯಬೇಕಾದ ಕಡೆಯೂ ಮೂರು, ತಲೆ ಕೆರೆದುಕೊಳ್ಳಬೇಕಾದ ಕಡೆಯೂ ಮೂರು.

ಕೊನೆಗೂ ಒಂದು ದಿನ ನಿಮ್ಮದು ರಾಜ ರಾಣಿ, ಬಾಟ್‌ನದು ಬರೀ ರಾಜ, ಗಡಿಯಾರದಲ್ಲಿ ಎಂಟು ಸೆಕೆಂಡು ಅಂತಿಟ್ಟುಕೊಳ್ಳಿ. ವಿಧಾನ ಸುಲಭ. ರಾಣಿಯನ್ನು ಎದುರಾಳಿ ರಾಜನಿಂದ ಕುದುರೆ ನಡೆಯಷ್ಟು ದೂರ ನಿಲ್ಲಿಸಿ, ಅವನು ಹೋದ ದಿಕ್ಕಿಗೇ ರಾಣಿಯನ್ನೂ ಒಂದೊಂದು ಮನೆ ಸರಿಸುತ್ತ ಹೋಗಿ. ತಾನೇ ಅಂಚಿಗೆ ಸರಿಯುತ್ತಾನೆ. ಅವನು ಮೂಲೆ ಸೇರಿದೊಡನೆ ಈ ಅನುಕರಣೆ ನಿಲ್ಲಿಸಿ ನಿಮ್ಮ ರಾಜನನ್ನು ಕರೆತರಬೇಕು. ರಾಜ ಜಿ8, ರಾಣಿ ಇ7. ರಾಜ ಎಚ್8ಕ್ಕೆ ಹೋದ. ಹೆಬ್ಬೆರಳು ಅಭ್ಯಾಸಬಲದಿಂದ ರಾಣಿಯನ್ನು ಎಫ್7ಕ್ಕೆ ಸರಿಸಿತು. ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ, ಸ್ಟೇಲ್‌ಮೇಟ್. ಯಂತ್ರ ಬಲೆ ಬೀಸಿರಲಿಲ್ಲ, ಹೋಗಲು ಇದ್ದ ಒಂದೇ ಮನೆಗೆ ಹೋಗಿತ್ತು ಅಷ್ಟೇ. ಅರ್ಧ ಅಂಕ ನಿಮಗೆ, ಅರ್ಧ ಅದಕ್ಕೆ, ಗಡಿಯಾರದಲ್ಲಿ ಇನ್ನೂ ಐದು ಸೆಕೆಂಡು ಬಾಕಿ.