‘ಓದೋ ಮನಸ್ಸೇ ಇಲ್ಲ ಬಿಡಿ’

ನಿನ್ನೆ ಸಂಜೆ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಬರೆಯದೆ ನಿದ್ದೆ ಬರಲ್ಲ.

ಕೊಡಗಿನ ಮಾಲ್ದಾರೆ ಕಡೆ ಪರಿಚಯದವರ ತೋಟಕ್ಕೆ ಹೋಗಿದ್ದೆ. ರೊಬಸ್ಟಾ ಕಾಫಿ ಕೊಯ್ಲು, ಕಣದಲ್ಲಿ ಚೀಲ ತೂಗುತ್ತಿದ್ದರು. 14ರ ಆಸುಪಾಸಿನ ಎರವ ಬುಡಕಟ್ಟಿನ ಹುಡುಗಿ, ಬೆರಳೆಲ್ಲ ಹಣ್ಣಿನ ಅಂಟಿಗೆ ಕಪ್ಪು. ಮೇಸ್ತ್ರಿಯ ಪುಸ್ತಕ ಇಣುಕಿ ನೋಡಿ, “ಅಣ್ಣ, ಅಮ್ಮಂದು 38, ನಂದು 27. 65 ಆಗ್ಬೇಕು, 63 ಬರ್ದಿದ್ದೀರ” ಅಂದಳು. ಆತ ಮತ್ತೆ ಕೂಡಿದ. 65.

“ಯಾವ ಕ್ಲಾಸಮ್ಮ?”

“ಏಳಕ್ಕೇ ಬಿಟ್ಟೆ ಟೀಚರ್.”

ಪಕ್ಕದಲ್ಲಿದ್ದವರು ಅಂದರು, “ಇವರಿಗೆ ಓದೋ ಮನಸ್ಸೇ ಇಲ್ಲ ಬಿಡಿ.” ಅವಳ ಎದುರಿಗೇ!

ಮನಸ್ಸಿಲ್ಲವಾ? ತೋಟದ ಜೀಪು ಬೆಳಿಗ್ಗೆ ಆದಿವಾಸಿಗಳ ಹಾಡಿಯ ಬಾಯಿಗೇ ಬಂದು ಆಳುಗಳನ್ನು ಹತ್ತಿಸಿಕೊಳ್ಳುತ್ತೆ. ಹೈಸ್ಕೂಲಿಗೆ ಹೋಗೋ ಹುಡುಗಿ ಮಾತ್ರ ಬಸ್ಸು ಸಿಗೋವರೆಗೆ ಆನೆ ಓಡಾಡೋ ದಾರಿಯಲ್ಲಿ ಒಬ್ಬಳೇ ನಡೀಬೇಕು. ಮಗಳನ್ನು ಆ ದಾರಿಗೆ ಬಿಡದ ತಾಯಿಯನ್ನು ಯಾವ ಬಾಯಲ್ಲಿ ಬೈಯಲಿ? ಕೊಯ್ಲು ಜೋರಾಗೋದು ಜನವರಿ, ಫೆಬ್ರವರಿಯಲ್ಲಿ, ಪರೀಕ್ಷೆ ಹತ್ತಿರ ಬರೋ ಹೊತ್ತಿಗೆ. ಆಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಉಳಿಯೋದೂ ದೊಡ್ಡ ಹುಡುಗಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೈ ಹಿಡಿಯೋದು 6ರಿಂದ 14ರವರೆಗೆ. ಹೈಸ್ಕೂಲಿನ ಹೊಸ್ತಿಲಲ್ಲಿ ಅದೂ ಕೈ ಬಿಡುತ್ತೆ.

ಆಶ್ರಮ ಶಾಲೆ, ಹಾಸ್ಟೆಲು, ಬಿಸಿಯೂಟ ಎಲ್ಲ ಇದೆಯಲ್ಲ ಅಂತೀರಿ. ಇದೆ, ಒಪ್ಪಿದೆ. ಆದರೆ ಹಾಸ್ಟೆಲಿಗೆ ಜಾತಿ ಪ್ರಮಾಣಪತ್ರ ಬೇಕು. ಇವತ್ತು ಈ ತೋಟದ ಲೈನ್‌ಮನೆ (ಆಳುಗಳ ಸಾಲುಮನೆ), ಬರೋ ವರ್ಷ ಇನ್ನೊಂದು ತೋಟ ಅನ್ನೋ ಕುಟುಂಬ ಯಾವ ದಾಖಲೆ ಇಟ್ಟುಕೊಂಡಿರುತ್ತೆ? 2016ರ ಡಿಸೆಂಬರಿನಲ್ಲಿ ಇಲ್ಲೇ ಹತ್ತಿರದ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲೂ ಶಾಲೆ ಚೀಲ ಇದ್ದ ಮಕ್ಕಳಿದ್ದರು.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೇನುಕುರುಬರ ಹುಡುಗಿಯೊಬ್ಬಳು ಮನೆಮಾತಿನಲ್ಲಿ ಉತ್ತರ ಕೊಟ್ಟಾಗ, “ಸರಿಯಾಗಿ ಕನ್ನಡ ಮಾತಾಡು” ಅಂತ ಎಲ್ಲರೆದುರು ಗದರಿದೆ. ಉತ್ತರ ಸರಿಯಿತ್ತು. ಆಮೇಲೆ ಅವಳು ನನ್ನ ಕ್ಲಾಸಲ್ಲಿ ಬಾಯೇ ಬಿಡಲಿಲ್ಲ. ಮುಂದಿನ ವರ್ಷ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಅಂತ ದಿನಾ ಬರೆದವಳು ನಾನೇ. ಅವಳಿಗೂ ಮನಸ್ಸಿರಲಿಲ್ಲ ಅಂತಲೇ ಆಗ ಸ್ಟಾಫ್‌ರೂಮಿನಲ್ಲಿ ಮಾತಾಡಿಕೊಂಡೆವು.

ನಿನ್ನೆ ಹೊರಡುವಾಗ ಈ ಹುಡುಗಿ ಕಾರಿನ ತನಕ ಬಂದಳು. “ಟೀಚರ್, ಎಂಟನೇ ಕ್ಲಾಸಿನ ಲೆಕ್ಕದ ಪುಸ್ತಕ ಹಳೇದಿದ್ರೆ ಕೊಡ್ತೀರಾ?”

ಪುಸ್ತಕ ನಾನು ಕೊಡ್ತೀನಿ. ಮಾಲ್ದಾರೆ, ಸಿದ್ದಾಪುರ ಕಡೆ ತೋಟ ಇರೋ ಸ್ನೇಹಿತರೇ, ಜೂನ್‌ನಿಂದ ನಿಮ್ಮ ಜೀಪು ಹಾಡಿಗೆ ಬರೋವಾಗ ಈ ಮಕ್ಕಳನ್ನೂ ಹತ್ತಿಸಿಕೊಂಡು ಬಸ್ ಸ್ಟಾಪಿಗೆ ಬಿಡ್ತೀರಾ? ಆಗುತ್ತೆ ಅನ್ನೋರು ಇನ್‌ಬಾಕ್ಸ್ ಮಾಡಿ.