ಕೆರೆಗೆ ಲೈಟು, ನಮಗೆ ಕರ್ಚೀಫು

ನಮ್ಮ ರಾಯಚೂರಿನ ಮಾವಿನಕೆರೆಗೆ ಮತ್ತೆ ಅಭಿವೃದ್ಧಿಯ ಯೋಗವಂತೆ. ಪೇಪರಿನಲ್ಲಿ ನೀವೂ ಓದಿರುತ್ತೀರಿ. ಎಷ್ಟನೇ ಸಲ ಅಂತ ಲೆಕ್ಕ ಇಡೋದನ್ನು ನಾನು ಬಿಟ್ಟು ವರ್ಷಗಳಾದವು.

ನಮ್ಮ ಕಡೆ ಕೆರೆ ಅಭಿವೃದ್ಧಿ ಅಂದರೆ ದಂಡೆಗೆ ಟೈಲ್ಸು, ಬಣ್ಣದ ಲೈಟು, ಕೂರಲು ಬೆಂಚು. ಮೋರಿ ಮಾತ್ರ ತನ್ನ ಪಾಡಿಗೆ ತಾನು ಒಳಗೆ ಬೀಳುತ್ತಿರುತ್ತದೆ. ಬೋಟಿಂಗ್ ಕೂಡ ಬರಲಿ ಅನ್ನುವವರಿದ್ದಾರೆ. ಬರಲಿ. ಎರಡು ಕೈಯಲ್ಲಿ ಹುಟ್ಟು ಹಾಕಬಹುದು, ಮೂಗು ಹಿಡಿಯಲು ಮೂರನೇ ಕೈ ಯಾರು ಕೊಡುತ್ತಾರೆ? ಹಳಬರು ಇದನ್ನು ಆಮ್ ತಲಾಬ್ ಅನ್ನುತ್ತಾರೆ. 'ಆಮ್' ಅಂದರೆ ಮಾವು. ಊರಿನವರು 'ಸಾರ್ವಜನಿಕ' ಅಂತ ತಿಳಿದುಕೊಂಡು ತಮ್ಮ ಕೊಳಚೆಯನ್ನೂ ಸೇರಿಸಿಬಿಟ್ಟಿದ್ದಾರೆ.

ಹಾಗಂತ ಕೆರೆ ಸುಮ್ನೆ ಕೂತಿಲ್ಲ. ಊರಿನ ಅತಿ ಅಗ್ಗದ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ ಅದೇ. ಟೆಂಡರ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನಿಜವಾದ ಘಟಕದಲ್ಲಾದರೆ ಬ್ಲೋವರ್ ಹಚ್ಚಿ ಗಾಳಿ ಊದಿ, ಹೊಲಸು ತಿನ್ನುವ ಸೂಕ್ಷ್ಮಜೀವಿಗಳನ್ನು ಸಾಕಬೇಕು. ಗಾಳಿ ನಿಂತರೆ ಅವು ಸಾಯುತ್ತವೆ, ನೀರು ಹೇಗೆ ಬಂತೋ ಹಾಗೇ ಹೊರಗೆ ಹೋಗುತ್ತದೆ. ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ಇಟ್ಟುಕೊಂಡಿರುವ ಜಿಲ್ಲೆ ನಮ್ಮದು. ಇಲ್ಲಿ ಬ್ಲೋವರಿಗೆ ಕರೆಂಟಿನ ಚಿಂತೆಯೇ? ಕೆರೆಯಲ್ಲಿ ಬ್ಲೋವರ್ ಇಲ್ಲ. ಇದ್ದಬದ್ದ ಆಮ್ಲಜನಕವನ್ನೆಲ್ಲ ಸೂಕ್ಷ್ಮಜೀವಿಗಳೇ ಮುಗಿಸುತ್ತವೆ, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಮರುದಿನ ಸುದ್ದಿ: ಮೀನುಗಳ ನಿಗೂಢ ಸಾವು. ನಿಗೂಢವಂತೆ! ಸೋಪು, ಮಲಮೂತ್ರದ ಸಾರ ಉಂಡು ಕೊಬ್ಬಿದ ಅಂತರಗಂಗೆಯ ಹಸಿರು ಕಳೆಯನ್ನು ನೋಡಿ ಊರಿಗೆ ಹೊಸಬರೊಬ್ಬರು, ಇಲ್ಲಿ ಕ್ರಿಕೆಟ್ ಆಡಲು ಬಿಡ್ತಾರಾ ಅಂತ ನನ್ನನ್ನು ಕೇಳಿದ್ದರು.

ಕಲ್ಲಿನ ವಿಷಯ ಹೇಳದಿದ್ದರೆ ರಾಯಚೂರಿನವನೇ ಅಲ್ಲ ನಾನು. ನಮ್ಮ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ. 1294ರ ಶಾಸನ. ಅಷ್ಟು ದೊಡ್ಡ ಕಲ್ಲನ್ನು ಗಾಡಿಗೆ ಹೇರಿ ಕೋಣಗಳಿಂದ ಎಳೆಸಿ ತಂದದ್ದನ್ನೂ ಚಿತ್ರವಾಗಿ ಕೆತ್ತಿದ್ದಾರೆ. ಅವರು ಕೋಟೆ ಕಟ್ಟಿದರು, ಹೆಸರು ಬರೆಸಿದರು. ನಮ್ಮವರು ಮೊದಲು ಹೆಸರು ಬರೆಸುತ್ತಾರೆ. ಶಂಕುಸ್ಥಾಪನೆಯ ಕಲ್ಲಿನಲ್ಲಿ ಉಪಸ್ಥಿತರು, ಗೌರವ ಉಪಸ್ಥಿತರು, ಘನ ಉಪಸ್ಥಿತರು. ಎಲ್ಲರ ಹೆಸರು ಹಿಡಿಸಲು 41 ಅಡಿಯೂ ಸಾಲದು. ಕೋಣಗಳ ಚಿತ್ರ ಮಾತ್ರ ಇರಲ್ಲ. ಎಳೆದವರು ಯಾರೂ ಇಲ್ಲವಲ್ಲ.

ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ, ಶುದ್ಧಮಾಡಿ ಬಿಡುವ ನೀರಿನ ಬಿಒಡಿ, ಅಂದರೆ ಅದರಲ್ಲಿರುವ ಹೊಲಸು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ. ನಮ್ಮಲ್ಲಿ 10 ಅಂದರೆ ಹತ್ತು ಗಂಟೆ. ಸಾಹೇಬರು ಕೆರೆ ನೋಡಲು ಬರುವ ಹೊತ್ತು.

ತಮಾಷೆ ಸಾಕು. ಇದೇ ಊರಿನಲ್ಲಿ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಒಂದು ಕಡೆ ಕೃಷ್ಣೆ, ಒಂದು ಕಡೆ ತುಂಗಭದ್ರೆ, ನಡುವೆ ನೀರು ಕುಡಿದು ಸತ್ತರು. ಆಮೇಲೂ ನಮಗೆ ಮೊದಲು ನೆನಪಾಗುವುದು ಬಣ್ಣದ ಲೈಟು. ನಾಚಿಕೆ ಅನ್ನುವ ಪದಕ್ಕೂ ಟೆಂಡರ್ ಕರೆಯಬೇಕೇನೋ.

ಈಗ ನಮ್ಮದು ಮಹಾನಗರ ಬೇರೆ. ನಿನ್ನೆ ಬೆಳಿಗ್ಗೆ ದಂಡೆಯ ಮೇಲೆ ಪರಿಚಯದವರೊಬ್ಬರು ಸಿಕ್ಕರು. ಮೂಗಿಗೆ ಕರ್ಚೀಫು ಒತ್ತಿಕೊಂಡೇ, "ಏನ್ರಿ ಸರ, ಕೆರಿ ಛಲೋ ಆಗ್ತದಂತಲ್ರಿ?" ಅಂದರು.

"ಆಗಲಿ ಬಿಡ್ರಿ. ಆ ಮೋರಿ ನೀರು ಎಲ್ಲಿಗೆ ಹೋಗ್ತದ, ಅದನ್ನ ಯಾರರ ಕೇಳಿದಾರೇನು?"

"ಎಲ್ಲಿಗೆ ಹೋಗ್ತದ್ರಿ? ನಮ್ಮಂಗ ಅದೂ ದಿನಾ ಮುಂಜಾನೆ ಕೆರಿಗೇ ಬರ್ತದ."