ಅಜ್ಜಿಯ ಮುಖ, ಮೊಮ್ಮಗನ ಮುಹೂರ್ತ

ಪಂಚಾಂಗ ಬರೆಯುವುದರಲ್ಲಿ ಚೀನಾ ಸರ್ಕಾರವನ್ನು ಮೀರಿಸುವವರಿಲ್ಲ. 18 ತುಂಬದವರ ಆನ್‌ಲೈನ್ ಆಟಕ್ಕೆ ಶುಕ್ರ, ಶನಿ, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಶುಭ ಮುಹೂರ್ತ, ಮಿಕ್ಕಿದ್ದೆಲ್ಲ ರಾಹುಕಾಲ ಎಂದು 2021ರಲ್ಲೇ ಅಪ್ಪಣೆಯಾಯಿತು. ಅದೇ ವರ್ಷ, ನಮ್ಮಲ್ಲಿ ನಿಷೇಧಗೊಂಡ ಟಿಕ್‌ಟಾಕ್‌ನ ಒಡಹುಟ್ಟಾದ ಡೌಯಿನ್, 14 ತುಂಬದ ಮಕ್ಕಳಿಗೆ ದಿನಕ್ಕೆ 40 ನಿಮಿಷಗಳನ್ನು ಅಳೆದು ಸುರಿಯಿತು. ಮಕ್ಕಳು ದಿನಕ್ಕೆಷ್ಟು ಹೊತ್ತು ಫೋನ್ ಹಿಡಿಯಬಹುದೆಂದು ಹೇಳುವ 2023ರ ಕರಡು ನಿಯಮವಂತೂ ಅಕ್ಕಸಾಲಿಗನ ತಕ್ಕಡಿಯೇ ಸರಿ: 8 ತುಂಬದವರಿಗೆ 40 ನಿಮಿಷ, 16ರೊಳಗಿನವರಿಗೆ ಒಂದು ಗಂಟೆ, 18ರೊಳಗಿನವರಿಗೆ ಎರಡು ಗಂಟೆ. ಹದಿನಾರನೆಯ ಹುಟ್ಟುಹಬ್ಬದ ಬೆಳಗ್ಗೆ ಹಲ್ಲುಜ್ಜುವಷ್ಟರಲ್ಲಿ ವಿವೇಕ ಇಮ್ಮಡಿಯಾಗುತ್ತದೆಂಬ ಈ ಸತ್ಯ ನಮ್ಮ ಋಷಿಗಳಿಗೂ ಹೊಳೆದಿರಲಿಲ್ಲ.

ಮಕ್ಕಳೇನು ಸಾಮಾನ್ಯರೇ? ಸರ್ಕಾರ ಚಾಪೆಯ ಕೆಳಗೆ ನುಸುಳಿದರೆ ಅವರು ರಂಗೋಲಿಯ ಕೆಳಗೆ ನುಸುಳಿದರು. ಆಟದ ಖಾತೆ ಅಜ್ಜಿಯ ಗುರುತಿನ ಸಂಖ್ಯೆಯಲ್ಲಿ ತೆರೆಯಿತು. ಕ್ಯಾಮೆರಾ ಮುಖ ಕೇಳಿದಾಗ, ಸೊಪ್ಪು ಬಿಡಿಸುತ್ತ ಕುಳಿತಿದ್ದ ಅಜ್ಜಿ ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು, ಫೋನಿನ ಮುಂದೆ ಕಣ್ಣು ಮಿಟುಕಿಸಿ, ಮತ್ತೆ ಸೊಪ್ಪಿಗೆ ಮರಳಿದಳು. ಅರವತ್ತು ದಾಟಿದವರೊಬ್ಬರ ಹೆಸರಿನ ಖಾತೆ ನಡುರಾತ್ರಿ ಐವರು ಎದುರಾಳಿಗಳನ್ನು ಸಾಲಾಗಿ ಕೆಡವಿದ ಸುದ್ದಿ ಓದಿ ಜನ ನಕ್ಕಿದ್ದುಂಟು. ಮುಪ್ಪಿನಲ್ಲಿ ಇಷ್ಟು ಚುರುಕು ಬೆರಳುಗಳಿರುವ ದೇಶ ಇನ್ನೊಂದಿರಲಾರದು.

ಇನ್ನು ಗಡಿಯಾರದ ಕಥೆ. ಶಾಲೆಗೆ ಫೋನ್ ಬೇಡ, ಕರೆ ಮಾಡಲೊಂದು ಗಡಿಯಾರ ಸಾಕು ಎಂದು ತಂದೆತಾಯಿಗಳು 'ಪುಟ್ಟ ಪ್ರತಿಭಾವಂತ' ಎಂಬರ್ಥದ ಹೆಸರಿನ ಸ್ಮಾರ್ಟ್‌ವಾಚನ್ನು ಮಕ್ಕಳ ಮುಂಗೈಗೆ ಕಟ್ಟಿದರು. ಎರಡು ವಾಚುಗಳನ್ನು ತಾಕಿಸಿದರೆ ಗೆಳೆತನ. ಬೇರೆ ಕಂಪನಿಯದನ್ನು ಕಟ್ಟಿಕೊಂಡ ಬಡಪಾಯಿ ಆ ಬಳಗದಿಂದ ಹೊರಗೆ. ಲೈಕುಗಳನ್ನು ಲೆಕ್ಕವಿಟ್ಟು ಕೊಟ್ಟು ತೆಗೆದುಕೊಳ್ಳುವ ವ್ಯವಹಾರವೂ ಅಲ್ಲೇ ಕುದುರಿತು. ಫೋನಿನ ಹುಚ್ಚು ಬಿಡಿಸಲು ಹೊರಟವರು ಅದನ್ನು ಮಣಿಕಟ್ಟಿಗೇ ಬಿಗಿದರು. ದೊಡ್ಡ ಹುಡುಗರು ಇನ್ನೂ ಜಾಣರು: ಸಂದೇಶ ಕಳಿಸುವ ಆ್ಯಪ್ ಆದ ವೀಚಾಟ್‌ನಲ್ಲಿ ಅಪ್ಪ, ಅಮ್ಮ, ಮೇಷ್ಟರು ಎಲ್ಲರೂ ಠಿಕಾಣಿ ಹೂಡಿರುವುದರಿಂದ ತಮ್ಮ ಹರಟೆಯನ್ನು ಕ್ಯೂಕ್ಯೂ ಎಂಬ ಇನ್ನೊಂದು ಆ್ಯಪ್ಪಿಗೆ ಒಯ್ದರು.

ಹೊಗಳಿ ಸಾಕಾಯಿತು. ರಾತ್ರಿ ಒಂಬತ್ತು, ಹತ್ತರವರೆಗೆ ತರಗತಿಯಲ್ಲೇ ಕೂರಿಸಿ ಓದಿಸುವ ಪ್ರೌಢಶಾಲೆಗಳಿರುವ ನಾಡಿನಲ್ಲಿ, ಮಕ್ಕಳು ಹೊರಗೆ ಆಡದೆ ಫೋನು ಹಿಡಿಯುತ್ತಾರೆಂದು ಗೊಣಗಲು ನಾಚಿಕೆಯಾಗಬೇಕು. ತಂದೆತಾಯಿಗಳು ದುಡಿಯಲು ಹೋಗುತ್ತ ಹಳ್ಳಿಗಳಲ್ಲಿ ಬಿಟ್ಟುಹೋದ ಮಕ್ಕಳದು ಬೇರೆಯೇ ಪಾಡು. ದೂರದ ನಗರದ ಕಾರ್ಖಾನೆಯಲ್ಲಿ ಇವೇ ಫೋನುಗಳನ್ನು ಜೋಡಿಸುವ ತಾಯಿ ಚೀನೀ ಹೊಸ ವರ್ಷದ ವಸಂತೋತ್ಸವಕ್ಕೆ ಊರಿಗೆ ಬಂದರೆ ಬಂದಳು. ಉಳಿದಂತೆ ಮಗುವಿಗೆ ಅವಳು ಅಂಗೈಯಗಲದ ಗಾಜಿನಲ್ಲಿ ಕಾಣುವ ಮುಖ. ಕರೆ ಮುಗಿದ ಮೇಲೆ ಮಗು ಅದೇ ಗಾಜನ್ನು ದಿಟ್ಟಿಸುತ್ತ ಕೂತರೆ ಅದಕ್ಕೆ ಚಟವೆಂದು ಹೆಸರು, ಕರಡಿನಲ್ಲೊಂದು ಕಲಮು. ಅಜ್ಜಿಯೇನೂ ಮೋಸಹೋಗಿ ಕಣ್ಣು ಮಿಟುಕಿಸಿದವಳಲ್ಲ. ಹುಡುಗ ಅಳದೆ ಎರಡು ತುತ್ತು ಉಣ್ಣಲಿ ಎಂದಷ್ಟೇ.